ಸೇವಂತಿಗೆ ತೂಕ

ತಕ್ಕಡಿ ಜನ್ಮದಲ್ಲಿ ಒಂದು ಸಲ ಸುಳ್ಳು ಹೇಳುವುದಿದ್ದರೆ ಆವತ್ತು ಹೇಳಬೇಕಿತ್ತು. ಹೇಳಲಿಲ್ಲ. ಎಪ್ಪತ್ಮೂರು ಕೆಜಿ ನಾನೂರು ಗ್ರಾಂ ಅಂತ ತೋರಿಸಿತು. ಚಪ್ಪಲಿ ಬಿಟ್ಟು ಹತ್ತಿದೆ, ಕಿವಿಯೋಲೆ ಬಿಚ್ಚಿಟ್ಟು ಹತ್ತಿದೆ, ಕೊನೆಗೆ ಉಸಿರು ಪೂರ್ತಿ ಹೊರಗೆ ಹಾಕಿ ಹತ್ತಿದೆ. ಉಸಿರು ಬಿಟ್ಟ ಮೇಲೆ ಇನ್ನೂ ನೂರು ಗ್ರಾಂ ಜಾಸ್ತಿ ತೋರಿಸಿತು, ಹಾಳಾದ್ದು.

"ಸೇವಂತಿಗೆ ಆಗ್ಬೇಕಂದ್ರೆ ಎಪ್ಪತ್ತರ ಒಳಗಿರ್ಬೇಕು ಮಾಲ್ಜಾ. ಸದ್ಯಕ್ಕೆ ನೀನು ದಾಸವಾಳ," ಅಂದರು ಬಾನ್ ಮೇಷ್ಟ್ರು.

ನಮ್ಮ ಸಿರುಮ್ ಕುಸ್ತಿಯಲ್ಲಿ ಹೆಂಗಸರ ತೂಕಕ್ಕೆ ಹೂವಿನ ಹೆಸರು. ಯಾವ ಪುಣ್ಯಾತ್ಮ ಇಟ್ಟನೋ, ಅವನು ನಮ್ಮಂಥ ಹೆಂಗಸರನ್ನು ಕಣ್ಣಿಂದ ನೋಡಿರಲಿಕ್ಕಿಲ್ಲ. ಐವತ್ಮೂರು ವರ್ಷದ ವಿಧವೆ, ಮೂವತ್ತು ವರ್ಷದಿಂದ ಕಡುಬಿನ ಅಂಗಡಿಯ ಹಬೆಯಲ್ಲಿ ಬೆಂದು ಊದಿದವಳು, ನಾನು ಎಲ್ಲಿಯ ಹೂವು? ಆದರೂ ನನಗೆ ಸೇವಂತಿಗೆಯೇ ಆಗಬೇಕಿತ್ತು. ಯಾಕೆಂದರೆ ನನ್ನ ನಾದಿನಿ ಪಿಲ್ಸುಕ್ ಸೇವಂತಿಗೆ. ಎರಡು ವರ್ಷದಿಂದ ಜಿಲ್ಲೆಯಲ್ಲಿ ಅವಳನ್ನು ಮರಳಿಗೆ ಕೆಡವಿದವರಿಲ್ಲ. ನಾನು ಕೆಡವಬೇಕಿತ್ತು. ಒಂದೇ ಒಂದು ಸಲ, ಊರೆಲ್ಲ ನೋಡುವ ಹಾಗೆ.

ಕಾರಣ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಲ್ಲ. ಒಂಬತ್ತು ವರ್ಷದ ಹಿಂದೆ ನನ್ನ ಗಂಡ ಮಾನ್ಸು ಒಂದು ಬೆಳಿಗ್ಗೆ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದವನು ಹಾಗೇ ಅದರ ಪಕ್ಕ ಕೂತ. ಮತ್ತೆ ಏಳಲಿಲ್ಲ. ಮೂರು ದಿನ ಜನ ಬಂದರು. ಹೆಂಡತಿಯಾದವಳು ಐಗೋ ಐಗೋ ಅಂತ ನೆಲ ಬಡಿದು ಅಳಬೇಕು, ಅದು ಪದ್ಧತಿ. ನನಗೆ ಅಳು ಬರಲಿಲ್ಲ. ಬಾಗಿಲ ಬಳಿ ಕೂತು, ಬಂದವರು ಬಿಟ್ಟ ಚಪ್ಪಲಿಗಳನ್ನು ಜೋಡಿ ಜೋಡಿ ಮಾಡಿ ತಿರುಗಿಸಿ ಇಡುತ್ತಿದ್ದೆ. ಮೂರು ದಿನವೂ ಅದನ್ನೇ ಮಾಡಿದೆ. ಮೂರನೇ ದಿನ ಪಿಲ್ಸುಕ್ ಎದ್ದು ನಿಂತು ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿದಳು.

"ಇವಳ ಕಣ್ಣು ನೋಡಿ. ಒಂದು ಹನಿ ಇಲ್ಲ. ಹೋಗಿದ್ದು ನಮ್ಮ ಅಣ್ಣ. ಹೊರಗಿಂದ ಬಂದವಳದ್ದು ಏನು ಹೋಯ್ತು?"

ಅಷ್ಟೇ. ಸೇತುವೆ ಆಚೆ ಅವಳ ಶಾವಿಗೆ ಹೋಟೆಲು, ಈಚೆ ನನ್ನ ಕಡುಬಿನ ಅಂಗಡಿ, ನಡೆದರೆ ಏಳು ನಿಮಿಷ. ಆ ಏಳು ನಿಮಿಷವನ್ನು ಒಂಬತ್ತು ವರ್ಷ ಇಬ್ಬರೂ ನಡೆಯಲಿಲ್ಲ. ಮಾನ್ಸುವಿನ ತಿಥಿಗೆ ಅವಳು ಅಲ್ಲಿ ಎಡೆ ಇಟ್ಟಳು, ನಾನು ಇಲ್ಲಿ ಇಟ್ಟೆ. ಎರಡೆರಡು ಕಡೆ ಉಂಡು ಪಾಪ ಅವನಿಗೆ ಅಜೀರ್ಣ ಆಗಿರಬೇಕು. ನನ್ನ ಹೆಸರು ಅವಳ ಬಾಯಲ್ಲಿ 'ಆ ಕಡುಬಿನವಳು' ಆಯಿತು. ಅತ್ತಿಗೆ ಅನ್ನುವ ಮಾತನ್ನು ಅವಳು ಅಣ್ಣನ ಜೊತೆಗೇ ಹೂತುಬಿಟ್ಟಿದ್ದಳು.

ಅವಳ ಮಾತು ಸುಳ್ಳು ಅಂತ ನನಗೆ ಖಾತ್ರಿ ಇದ್ದಿದ್ದರೆ ಉಗಿದು ಮರೆತುಬಿಡುತ್ತಿದ್ದೆ. ಸಂಕಟ ಇದ್ದದ್ದು ಅಲ್ಲೇ. ಆ ಮೂರು ದಿನ ಕಳೆದ ಮೇಲೂ ನನಗೆ ಅಳು ಬರಲಿಲ್ಲ. ವರ್ಷ ಕಳೆದರೂ ಬರಲಿಲ್ಲ. ಒಂದೊಂದು ಸಲ ಈರುಳ್ಳಿ ಹೆಚ್ಚುವಾಗ ಕಣ್ಣು ಉರಿದು, ಈಗ ಬಂತು, ಈಗ ಬಂತು ಅಂತ ಕಾದು ಕೂರುತ್ತಿದ್ದೆ. ಉರಿಯುತ್ತಿತ್ತು, ಅಷ್ಟೇ. ಹಾಗಾದರೆ ಅವಳು ಹೇಳಿದ್ದು ನಿಜವೇ? ಇಪ್ಪತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವನು ಹೋದಾಗ ನನ್ನದು ಏನೂ ಹೋಗಲಿಲ್ಲವೇ? ಈ ಪ್ರಶ್ನೆ ಹೊತ್ತು ತಿರುಗಿ ಸಾಕಾಗಿತ್ತು. ಅವಳ ಬೆನ್ನು ಮರಳಿಗೆ ತಾಗಿದರೆ ಅವಳ ಮಾತೂ ಅದರ ಜೊತೆ ಬೀಳುತ್ತದೆ, ನನ್ನ ಹೊಟ್ಟೆ ತಣ್ಣಗಾಗುತ್ತದೆ ಅಂತ ನಂಬಿಕೊಂಡಿದ್ದೆ.

ಬಾನ್ ಮೇಷ್ಟ್ರು ಒಂದು ಕಾಲಕ್ಕೆ ಶಾಲೆಯಲ್ಲಿ ಮಾನ್ಸುವಿಗೆ, ಪಿಲ್ಸುಕ್‌ಗೆ ಇಬ್ಬರಿಗೂ ಸಿರುಮ್ ಕಲಿಸಿದವರು. ಈಗ ಎಪ್ಪತ್ತೊಂದು ವರ್ಷ, ಮಂಡಿ ನೋವು, ಬಾಯಿ ಮಾತ್ರ ಹದಿನೆಂಟರದ್ದು. ನನಗೂ ಕಲಿಸಿ ಅಂತ ನಾನು ಹೋಗಿ ಕೇಳಿದಾಗ ತುಂಬ ಹೊತ್ತು ನನ್ನ ಭುಜವನ್ನೇ ನೋಡಿದರು. ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಏಳು ವರ್ಷ ಮುಂಚೆಯೇ ಬಂತಲ್ಲ ಅಂದರು. ಆಮೇಲೆ ಬೆಳಿಗ್ಗೆ ಐದೂವರೆಗೆ ಅಳಿವೆಯ ಮರಳಿಗೆ ಬಾ ಅಂದರು. ಆ ವರ್ಷದ ಜಿಲ್ಲಾ ಸ್ಪರ್ಧೆಗೆ ಏಳು ವಾರ ಇತ್ತು.

ನದಿ ಸಮುದ್ರ ಸೇರುವಲ್ಲಿ ಆ ಹೊತ್ತಿಗೆ ಮಂಜು ಹೇಗಿರುತ್ತದೆ ಅಂದರೆ ಚಾಚಿದ ನಿಮ್ಮ ಕೈಯೇ ನಿಮ್ಮದಲ್ಲ ಅನ್ನಿಸಬೇಕು. ಮೇಷ್ಟ್ರು ಕಾಣುತ್ತಿರಲಿಲ್ಲ, ಅವರ ಸೀಟಿ ಮಾತ್ರ ಮಂಜಿನೊಳಗಿಂದ ಬರುತ್ತಿತ್ತು. ಒಂದು ಸೀಟಿಗೆ ಓಡು, ಎರಡಕ್ಕೆ ಕುಕ್ಕರಿಸು, ಮೂರಕ್ಕೆ ಏಳು. ಮೊದಲ ದಿನ ಮೂರನೇ ಸೀಟಿಗೆ ನಾನು ಏಳಲೇ ಇಲ್ಲ. ಮೀನಿನಂಗಡಿಯ ಹಾಕ್ಸುನ್ ಬಂದು ಎಬ್ಬಿಸಿದಳು. ನನ್ನ ಜೊತೆ ಅಭ್ಯಾಸಕ್ಕೆ ಅಂತ ಮೇಷ್ಟ್ರು ಅವಳನ್ನು ಕರೆದಿದ್ದರು. ಎಪ್ಪತ್ತೆಂಟು ಕೆಜಿಯ ಅಸಲಿ ದಾಸವಾಳ, ಮೈಯೆಲ್ಲ ಬಂಗಡೆ ಮೀನಿನ ವಾಸನೆ. ಅವಳು ನನ್ನನ್ನು ದಿನಕ್ಕೆ ಇಪ್ಪತ್ತು ಸಲ ಕೆಡವುತ್ತಿದ್ದಳು, ಪ್ರತಿ ಸಲವೂ ಎಬ್ಬಿಸಿ ಮರಳು ಒರೆಸುತ್ತಿದ್ದಳು. ಒರೆಸುವ ನೆಪದಲ್ಲಿ ಬೀಳುವಾಗಿನದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದಳು.

ಸಿರುಮ್‌ನಲ್ಲಿ ಒಂದು ವಿಚಿತ್ರ ಇದೆ. ಬೇರೆ ಕುಸ್ತಿಯಲ್ಲಿ ಎದುರಾಳಿಗಳು ದೂರದಿಂದ ಬಂದು ಹಾಯುತ್ತಾರೆ. ನಮ್ಮದು ಅಪ್ಪುಗೆಯಿಂದಲೇ ಶುರು. ಇಬ್ಬರ ಸೊಂಟಕ್ಕೂ ಬಲತೊಡೆಗೂ ಉದ್ದನೆಯ ಬಟ್ಟೆಯ ಪಟ್ಟಿ ಬಿಗಿದಿರುತ್ತದೆ, ಸಾತ್ಬಾ ಅಂತೀವಿ, ಒಬ್ಬರಿಗೆ ಕೆಂಪು, ಒಬ್ಬರಿಗೆ ನೀಲಿ. ಎದುರುಬದುರು ಮಂಡಿಯೂರಿ, ಅವಳ ಬಲಭುಜದ ಮೇಲೆ ನನ್ನ ಗದ್ದ, ನನ್ನ ಭುಜದ ಮೇಲೆ ಅವಳದ್ದು. ಬಲಗೈ ಅವಳ ಸೊಂಟದ ಪಟ್ಟಿಗೆ, ಎಡಗೈ ತೊಡೆಯ ಪಟ್ಟಿಗೆ. ಹಿಡಿತ ಕೂತ ಮೇಲೆ ಇಬ್ಬರೂ ಒಟ್ಟಿಗೆ ಏಳಬೇಕು, ಆಮೇಲೆ ಸೀಟಿ. ಮಂಡಿ ಅಥವಾ ಅದರ ಮೇಲಿನ ಯಾವ ಅಂಗ ನೆಲ ಮುಟ್ಟಿದರೂ ಸೋಲು. ಚೆನ್ನಾದ ಹಿಡಿತ ಸಿಗಲಿ ಅಂತ ಮಂಡಿಯೂರಿದಲ್ಲೇ ತಡ ಮಾಡುವವರಿಗೆ ತೀರ್ಪುಗಾರ ಎಚ್ಚರಿಕೆ ಕೊಡುತ್ತಾನೆ. ಅದಕ್ಕೆ ಸಾತ್ಬಾ ಜಗಳ ಅಂತ ಹೆಸರು, ಅದು ಮೋಸಗಾರರ ಬುದ್ಧಿ ಅಂತ ಜನ ಉಗಿಯುತ್ತಾರೆ.

"ಇನ್ನೊಂದು ನೆನಪಿಟ್ಕೋ," ಅನ್ನುತ್ತಿದ್ದರು ಮೇಷ್ಟ್ರು. "ಕೊನೇವರೆಗೂ ಸಮ ಆಯ್ತು ಅಂದ್ರೆ, ಅಲ್ಲೇ ತಕ್ಕಡಿ ತಂದು ತೂಗ್ತಾರೆ. ಹಗುರಾದವಳು ಗೆದ್ದ ಹಾಗೆ. ಅದಕ್ಕೇ ಬಡ್ಕೋತಿರೋದು, ಕಡುಬು ಮುಟ್ಬೇಡ."

ಕಡುಬು ಮುಟ್ಟಬೇಡವಂತೆ. ಸುಗ್ಗಿ ಹುಣ್ಣಿಮೆಯ ತಿಂಗಳು ಅದು. ಊರಿಗೆ ಊರೇ ಅರ್ಧಚಂದ್ರದ ಕಡುಬಿಗೆ ನನ್ನ ಅಂಗಡಿ ಮುಂದೆ ನಿಂತಿರುತ್ತದೆ. ಪೈನ್ ಮರದ ಎಲೆ ಹಾಸಿ, ಎಳ್ಳು ಬೆಲ್ಲದ ಹೂರಣ ತುಂಬಿ, ದಿನಕ್ಕೆ ಎರಡು ಸಾವಿರ ಕಡುಬು. ರುಚಿ ನೋಡದೆ ಮಾಡಿದೆ. ನನ್ನ ಹೊಟ್ಟೆಗೆ ದಿನಕ್ಕೆ ಬೇಯಿಸಿದ ಮೊಟ್ಟೆ ಒಂದು, ಸೌತೆಕಾಯಿ ಎರಡು. ಮೂರನೇ ವಾರದ ಹೊತ್ತಿಗೆ ತಲೆ ಹತ್ತಿಯಾಯಿತು. ನಡೆಯುವಾಗ ನೆಲ ಒಂದು ಗೇಣು ಕೆಳಗೆ ಇದ್ದ ಹಾಗೆ, ಯಾರೋ ಕರೆದರೆ ಹೆಸರು ಯಾರದ್ದೋ ಅನ್ನುವ ಹಾಗೆ. ಗಿರಾಕಿಗೆ ಚಿಲ್ಲರೆ ಕೊಟ್ಟೆನೋ ಇಲ್ಲವೋ ಅವರೇ ಹೇಳಬೇಕಿತ್ತು. ಹಸಿವು ಬುದ್ಧಿಯ ಬಾಗಿಲನ್ನು ತೆಗೆದಿಟ್ಟು ಹೋಗಿತ್ತು, ಆ ಬಾಗಿಲಿನಿಂದ ಮಾನ್ಸು ಒಳಗೆ ಬಂದ.

ಹಂಡೆಯ ಮುಚ್ಚಳ ತೆಗೆದೆ ಅಂದರೆ ಹಬೆಯಲ್ಲಿ ಅವನು. ಮಾತಿಲ್ಲ. ತೋಳು ಮಡಚಿ, ಎತ್ತುವವನ ಹಾಗೆ ಮಂಡಿ ಬಗ್ಗಿಸಿ ನಿಂತಿರುತ್ತಿದ್ದ. ಹಬೆ ಆರಿದರೆ ಅಲ್ಲಿ ಗೋಡೆ. ಮಧ್ಯಾಹ್ನ ಹಿಟ್ಟಿನ ಚೀಲಕ್ಕೆ ಒರಗಿ ಐದು ನಿಮಿಷ ಕಣ್ಣು ಮುಚ್ಚಿದರೂ ಬಂದುಬಿಡುತ್ತಿದ್ದ. ಒಂದು ಕನಸಿನಲ್ಲಿ ಅವನು ಊರನ್ನೆಲ್ಲ ಒಂದೊಂದಾಗಿ ಎತ್ತಿ ಸ್ವಲ್ಪ ಪಕ್ಕಕ್ಕೆ ಇಡುತ್ತಿದ್ದ. ಅಂಚೆ ಕಚೇರಿ ಎತ್ತಿದ, ಸೇತುವೆ ಎತ್ತಿದ, ಹಿಂದಿನ ಗುಡ್ಡವನ್ನೇ ತೊಡೆಗೆ ಆನಿಸಿ ಎತ್ತಿದ. ಏನು ಹುಡುಕ್ತಿದೀಯ ಅಂತ ಕೇಳಿದೆ. ಚಪ್ಪಲಿ ಅಂದ. ನೀನು ತಿರುಗಿಸಿ ಇಟ್ಟೆಯಲ್ಲ, ನನ್ನದು ಎಲ್ಲಿಟ್ಟೆ ಅಂದ. ಎಚ್ಚರಾದಾಗ ಕೆನ್ನೆಯ ಮೇಲೆ ಚೀಲದ ಅಚ್ಚು ಮೂಡಿತ್ತು. ಕಣ್ಣು ಒಣಗಿಯೇ ಇತ್ತು.

ಬದುಕಿದ್ದಾಗಲೂ ಅವನಿಗೆ ಅದೇ ಹುಚ್ಚು. ಶಾಲೆ ಬಿಟ್ಟ ಮೇಲೆ ಸ್ಪರ್ಧೆಗೆ ಹೋಗಲಿಲ್ಲ, ಆದರೆ ಪಟ್ಟು ಮರೆತುಹೋಗುತ್ತದೆ ಅಂತ ಹೆದರಿಕೆ. ಅಭ್ಯಾಸಕ್ಕೆ ಸಿಕ್ಕವಳು ನಾನು. ಹಿತ್ತಲಲ್ಲಿ ಸೋಯಾ ಹುಳಿಯಿಟ್ಟ ಸೊಂಟದೆತ್ತರದ ಮಣ್ಣಿನ ಜಾಡಿಗಳ ನಡುವೆ ನಾನು ಬಟ್ಟೆ ಒಣಹಾಕುತ್ತಿದ್ದರೆ ಹಿಂದಿನಿಂದ ಬಂದು, ಎದುರಿಗೆ ತಿರುಗಿಸಿ, ಭುಜಕ್ಕೆ ಗದ್ದ ಒರಗಿಸಿ, ಸೊಂಟದ ಲಂಗದ ಕಟ್ಟು ಹಿಡಿಯುತ್ತಿದ್ದ. ಎತ್ತುವ ಮುಂಚೆ ಬೆರಳಿನಿಂದ ನನ್ನ ಬೆನ್ನಿಗೆ ಎರಡು ಸಲ ತಟ್ಟುತ್ತಿದ್ದ. ಟಕ್ ಟಕ್. ಅದು ಅವನಿಗೇ ಗೊತ್ತಿಲ್ಲದ ಅಭ್ಯಾಸ. ಆಮೇಲೆ ಹೊಟ್ಟೆಯ ಮೇಲೆ ಹಾಕಿಕೊಂಡು ಮೇಲಕ್ಕೆ ಎತ್ತಿ, ದೊಡ್ಡ ಜಾಡಿಯ ಮುಚ್ಚಳದ ಮೇಲೆ ಕೂರಿಸಿ ಹೊರಟುಹೋಗುತ್ತಿದ್ದ. ಒದ್ದೆ ಬಟ್ಟೆ ಹಿಡಿದು, ಕಾಲು ಇಳಿಬಿಟ್ಟುಕೊಂಡು, ನಾನು ಅವನ ಏಳು ತಲೆಮಾರನ್ನು ಬಯ್ಯುತ್ತಿದ್ದೆ.

ಸ್ಪರ್ಧೆಯ ಬೆಳಿಗ್ಗೆ ತಕ್ಕಡಿ ಅರವತ್ತೊಂಬತ್ತು ಕೆಜಿ ಎಂಟುನೂರು ಗ್ರಾಂ ತೋರಿಸಿತು. ನಾನು ಸೇವಂತಿಗೆ. ಬಾನ್ ಮೇಷ್ಟ್ರು ಮುಖ ತಿರುಗಿಸಿ ಮೂಗು ಒರೆಸಿಕೊಂಡರು, ಮಂಜಿನ ಶೀತ ಅಂದರು. ನನ್ನ ಹಿಂದೆಯೇ ಪಿಲ್ಸುಕ್ ಹತ್ತಿದಳು. ಅದೇ ಅರವತ್ತೊಂಬತ್ತು, ಅದೇ ಎಂಟುನೂರು. ಬರೆದುಕೊಳ್ಳುವವನು ತಪ್ಪಾಯಿತೇನೋ ಅಂತ ಇನ್ನೊಮ್ಮೆ ಹತ್ತಿಸಿದ. ಅವಳು ನನ್ನ ಕಡೆ ನೋಡಲಿಲ್ಲ, ಹಾಕ್ಸುನ್‌ಗೆ ಕೇಳುವ ಹಾಗೆ, ಕಡುಬಿನವಳು ಕಡುಬು ಬಿಟ್ಟಳಂತೆ, ಲೋಕ ಮುಳುಗುತ್ತೆ ಅಂದಳು.

ಸೇವಂತಿಗೆಯಲ್ಲಿ ಏಳು ಜನ. ಉಳಿದವರ ವಿಷಯ ಬಿಡಿ, ನನ್ನ ಪಾಲಿಗೆ ಬಂದ ಇಬ್ಬರು ಹೇಗೆ ಬಿದ್ದರು ಅಂತ ನನಗೇ ಸರಿಯಾಗಿ ನೆನಪಿಲ್ಲ. ಮರಳು ಬೆಚ್ಚಗಿತ್ತು, ಸದ್ದುಗಳೆಲ್ಲ ನೀರಿನೊಳಗಿಂದ ಬಂದ ಹಾಗಿದ್ದವು, ತೀರ್ಪುಗಾರ ನನ್ನ ಕೈ ಎತ್ತಿದ. ಮಧ್ಯಾಹ್ನ ಎರಡಕ್ಕೆ ಕೊನೆಯ ಸ್ಪರ್ಧೆ. ನನಗೆ ನೀಲಿ ಪಟ್ಟಿ, ಪಿಲ್ಸುಕ್‌ಗೆ ಕೆಂಪು. ಮೂರರಲ್ಲಿ ಎರಡು ಗೆದ್ದವಳದ್ದು ಪಂದ್ಯ.

ಮಂಡಿಯೂರಿದೆವು. ಒಂಬತ್ತು ವರ್ಷದಲ್ಲಿ ಅವಳ ಇಷ್ಟು ಹತ್ತಿರ ಬಂದಿದ್ದು ಅದೇ ಮೊದಲು. ಅವಳ ಗದ್ದ ನನ್ನ ಭುಜಕ್ಕೆ ಒರಗಿತು. ಆ ಭಾರ ನನಗೆ ಗೊತ್ತಿದ್ದ ಭಾರ. ಅದೇ ಚೂಪು ಗದ್ದ, ಒರಗುವಾಗ ಮೂಗಿನಿಂದ ಬಿಡುವ ಅದೇ ಗಿಡ್ಡ ಉಸಿರು. ಕೂದಲಿನಲ್ಲಿ ಒಣ ಮೀನು ಕುದಿಸಿದ ಸಾರಿನ ವಾಸನೆ, ನನ್ನ ಅತ್ತೆ ಮನೆಯ ವಾಸನೆ. ಎದ್ದೆವು. ಸೀಟಿ ಆಯಿತು. ನನ್ನ ಬೆನ್ನ ಮೇಲೆ ಎರಡು ಬೆರಳು, ಟಕ್ ಟಕ್.

ನಾನು ಹಿತ್ತಲಲ್ಲಿದ್ದೆ. ಕೈಯಲ್ಲಿ ಒದ್ದೆ ಬಟ್ಟೆ ಇತ್ತು, ಜಾಡಿಗಳ ಮೇಲೆ ಬಿಸಿಲಿತ್ತು. ಕಾಲು ನೆಲ ಬಿಟ್ಟಿತು, ಜಾಡಿಯ ಮುಚ್ಚಳ ಎಲ್ಲಿ ಅಂತ ಹುಡುಕುವಷ್ಟರಲ್ಲಿ ನನ್ನ ಬೆನ್ನು ಮರಳಿಗೆ ಬಿದ್ದಿತ್ತು. ಜನ ಕೂಗಿದರು. ಮೇಷ್ಟ್ರು ಅಂಚಿನಿಂದ, ನಿದ್ದೆ ಮಾಡ್ತಿದೀಯಾ ಅಂತ ಗದರಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದಕ್ಕೆ ನನಗೆ ಮೀಸೆಯೂ ಇಲ್ಲ, ಬಾಯಿ ತುಂಬ ಮರಳು.

ಎರಡನೆಯ ಸಲ ಆ ತಟ್ಟುವಿಕೆಗೆ ಕಾದೆ. ಟಕ್ ಟಕ್ ಆದ ಮೇಲೆ ಎತ್ತುವುದಕ್ಕೆ ಎಷ್ಟು ಹೊತ್ತು ಅಂತ ನನ್ನ ಸೊಂಟಕ್ಕೆ ಗೊತ್ತು. ಇಪ್ಪತ್ತೆರಡು ವರ್ಷದ ಪಾಠ ಅದು. ಮೊದಲನೇ ಟಕ್ಕಿಗೆ ಉಸಿರು ಹಿಡಿದೆ, ಎರಡನೇ ಟಕ್ಕಿಗೆ ಪಕ್ಕಕ್ಕೆ ಸರಿದು ಅವಳ ಮುಂದಿನ ಮಂಡಿಗೆ ಅಂಗೈ ಕೊಟ್ಟು ತಿರುಗಿಸಿದೆ. ಎತ್ತಲು ಬಂದವಳು ಗಾಳಿಯನ್ನು ಎತ್ತಿ, ನನ್ನ ಕಾಲ ಬಳಿ ಅಂಗಾತ ಬಿದ್ದಳು. ಎರಡು ವರ್ಷದಲ್ಲಿ ಮೊದಲ ಸಲ. ಊರೆಲ್ಲ ನೋಡುತ್ತಿತ್ತು. ಇದಕ್ಕೇ ತಾನೇ ನಾನು ಬಂದಿದ್ದು? ಹೊಟ್ಟೆ ತಣ್ಣಗಾಗಲಿಲ್ಲ. ಅವಳು ಬಿದ್ದಲ್ಲಿಂದಲೇ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಕಳೆದುಹೋದ ಸಾಮಾನು ಬೇರೆಯವರ ಮನೆಯಲ್ಲಿ ಕಂಡವಳ ಹಾಗೆ.

ಮೂರನೆಯದಕ್ಕೆ ಮಂಡಿಯೂರಿದೆವು. ಗದ್ದ ಒರಗಿತು, ಕೈಗಳು ಪಟ್ಟಿ ಹಿಡಿದವು. ಏಳಬೇಕಿತ್ತು. ಅವಳು ಏಳಲಿಲ್ಲ. ನಾನೂ ಏಳಲಿಲ್ಲ.

"ಅಣ್ಣ ನಿಮ್ಗೂ ಕಲಿಸಿದ್ನಾ ಅತ್ತಿಗೆ?" ಅಂದಳು ನನ್ನ ಕಿವಿಯಲ್ಲಿ.

ಒಂಬತ್ತು ವರ್ಷದ ಮೇಲೆ ಆ ಮಾತು, ಆ ಮರ್ಯಾದೆ.

"ಕಲಿಸ್ಲಿಲ್ಲ ಕಣೇ. ನನ್ನ ಮೇಲೆ ಅಭ್ಯಾಸ ಮಾಡ್ತಿದ್ದ. ಎತ್ತಿ ಜಾಡಿ ಮೇಲೆ ಕೂರಿಸಿ ಹೋಗ್ಬಿಡ್ತಿದ್ದ."

ಅವಳ ಹೊಟ್ಟೆ ಅಲುಗಿತು. ನಗುತ್ತಿದ್ದಳು. ಅವಳಿಗೂ ಚಿಕ್ಕಂದಿನಲ್ಲಿ ಅದೇ ಗತಿಯಂತೆ, ಅವಳನ್ನು ದನದ ಕೊಟ್ಟಿಗೆಯ ಗೋಡೆ ಮೇಲೆ ಕೂರಿಸಿ ಆಟಕ್ಕೆ ಹೋಗಿಬಿಡುತ್ತಿದ್ದನಂತೆ. ಒಂದು ಸಲ ಸಂಜೆತನಕ ಮರೆತೇಬಿಟ್ಟನಂತೆ. ಇದನ್ನೆಲ್ಲ ನನ್ನ ಭುಜಕ್ಕೆ ಬಾಯಿಟ್ಟು ಹೇಳುತ್ತಿದ್ದಳು. ತೀರ್ಪುಗಾರ ಹತ್ತಿರ ಬಂದು, ಸಾತ್ಬಾ ಜಗಳ ಸಾಕು, ಏಳಿ ಅಂದ, ಇಬ್ಬರಿಗೂ ಒಂದೊಂದು ಎಚ್ಚರಿಕೆ ಕೊಟ್ಟ. ಜನ ಉಗಿಯತೊಡಗಿದರು, ನಾಚಿಕೆಗೆಟ್ಟ ಹೆಂಗಸರು, ಹಿಡಿತಕ್ಕೆ ಹೇಗೆ ಸಾಯ್ತಿದ್ದಾರೆ ನೋಡಿ ಅಂತ. ಸಾಯುತ್ತಿದ್ದದ್ದು ನಿಜ, ಹಿಡಿತಕ್ಕೇ.

ಎದ್ದೆವು. ಸೀಟಿ. ಒಂದು ನಿಮಿಷದ ಆಟ. ನನ್ನ ಬೆನ್ನ ಮೇಲೆ ಟಕ್ ಟಕ್ ಅಂತು. ನಾನು ಸರಿಯಲಿಲ್ಲ, ಅವಳು ಎತ್ತಲಿಲ್ಲ. ಸ್ವಲ್ಪ ತಡೆದು ಮತ್ತೆ ಟಕ್ ಟಕ್. ಬರೀ ತಟ್ಟುತ್ತಿದ್ದಳು, ಮಗುವಿಗೆ ತಟ್ಟುವ ಹಾಗೆ. ನದಿಯ ಕಡೆಯಿಂದ ಗಾಳಿ ಬಂತು. ಜನರ ಕೂಗು ದೂರ ಹೋಯಿತು. ಮರಳೆಲ್ಲ ಬೆಳ್ಳಗೆ ಹಬೆಯಾಗಿ ಮೇಲೆದ್ದ ಹಾಗೆ ಕಂಡಿತು, ಆ ಹಬೆಯಲ್ಲಿ ಮಾನ್ಸು ಬರುತ್ತಾನೆ ಅಂತ ನೋಡಿದೆ. ಬರಲಿಲ್ಲ. ಅವನು ಆಗಲೇ ನನ್ನ ತೋಳಿನಲ್ಲಿದ್ದ, ಅವನ ಗದ್ದ ನನ್ನ ಭುಜದ ಮೇಲಿತ್ತು, ಇನ್ನು ಸ್ವಲ್ಪ ಹೊತ್ತಿಗೆ ಇಳಿಸಿ ಹೊರಟುಹೋಗುವವನಿದ್ದ. ಹೋಗ್ಬೇಡ್ವೋ ಅಂದೆ. ಬಾಯಿಬಿಟ್ಟೇ ಅಂದೆ ಅನ್ನಿಸುತ್ತದೆ. ಆಗ ಕಣ್ಣಿನಿಂದ ಏನೋ ಇಳಿಯಿತು. ಮರಳು ಅಂದುಕೊಂಡೆ. ಮರಳು ಬಿಸಿಯಾಗಿ ಇಳಿಯುವುದಿಲ್ಲ. ಒಂಬತ್ತು ವರ್ಷದ್ದು, ನಿಲ್ಲಿಸುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ. ಅವಳ ಭುಜ, ಕೆಂಪು ಪಟ್ಟಿ, ಕುತ್ತಿಗೆ ಎಲ್ಲ ನೆನೆಯಿತು. ಅವಳು ಹಿಡಿತ ಇನ್ನೂ ಬಿಗಿ ಮಾಡಿದಳು, ಅಷ್ಟೇ.

ನಿಮಿಷ ಮುಗಿಯಿತು. ಯಾರೂ ಬಿದ್ದಿರಲಿಲ್ಲ. ತೀರ್ಪುಗಾರ ಸೀಟಿ ಊದಿ ಊದಿ, ಕೊನೆಗೆ ನಮ್ಮಿಬ್ಬರ ನಡುವೆ ಕೈ ಹಾಕಿ ಬಿಡಿಸಬೇಕಾಯಿತು. ಸಮ. ಹಾಗಾಗಿ ತಕ್ಕಡಿ ಬಂತು. ಮರಳಿನ ಅಂಚಿಗೆ ಹಲಗೆ ಹಾಕಿ ಇಟ್ಟರು.

ಪಿಲ್ಸುಕ್ ಮೊದಲು ಹತ್ತಿದಳು. ಅರವತ್ತೊಂಬತ್ತು ಕೆಜಿ ಏಳುನೂರು. ನಾನು ಹತ್ತಿದೆ. ಮುಖ ಒರೆಸಿಕೊಂಡರೂ ಅಂಕಿ ಮಸುಕಾಗಿಯೇ ಕಂಡಿತು, ಬರೆದುಕೊಳ್ಳುವವನೇ ಓದಿ ಹೇಳಿದ. ಅರವತ್ತೊಂಬತ್ತು ಕೆಜಿ ಆರುನೂರು. ನೂರು ಗ್ರಾಂ ಹಗುರ. ನೀಲಿ ಪಟ್ಟಿ ಗೆದ್ದಿತು ಅಂತ ತೀರ್ಪುಗಾರ ನನ್ನ ಕೈ ಎತ್ತಿದ. ಜನ ಗುಜುಗುಜು ಅಂದರು. ಬೆಳಿಗ್ಗೆ ಇಬ್ಬರೂ ಸಮ ಇದ್ದರಲ್ಲ, ಈ ನೂರು ಗ್ರಾಂ ಎಲ್ಲಿ ಹೋಯಿತು, ತಕ್ಕಡಿ ಸರಿಯಿಲ್ಲ ಅಂತ ಯಾರೋ ತಕರಾರು ತೆಗೆದರು.

ಪಿಲ್ಸುಕ್ ಮರಳಿನ ನಡುವೆ ಬಂದು ನಿಂತಳು. ಮಾನ್ಸು ಹೋದ ಮೂರನೇ ದಿನ ನಿಂತ ಹಾಗೆಯೇ ನಿಂತು, ಎಲ್ಲರ ಮುಂದೆ ನನ್ನ ಕಡೆ ಕೈ ತೋರಿಸಿದಳು. ಅವಳು ಇನ್ನೊಂದು ಕೈಯಿಂದ ತನ್ನ ಒದ್ದೆ ಭುಜ ಹಿಂಡಿ ತೋರಿಸಿದಳು.

"ತಕ್ಕಡಿ ಸರಿಯಾಗೇ ಇದೆ," ಅಂದಳು. "ಆ ನೂರು ಗ್ರಾಂ ಇಲ್ಲಿದೆ ನೋಡಿ. ನಮ್ಮ ಅತ್ತಿಗೆ ಅತ್ತು ಗೆದ್ದಿದ್ದು."